ಕರೆಂಟು ಬಂದ ದಾರಿ: ಶರಾವತಿ ಕಣಿವೆಯ ವಿದ್ಯುತ್ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ, ನಾನು ಕೆಳದಿ ಇಕ್ಕೇರಿಯ ನಾಯಕರ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಈ ಶಾಲೆಯ ಮೊದಲ ತಂಡಗಳಲ್ಲೊಂದರಲ್ಲಿ ಓದಿ, ಮುಂದೆ ಇಲ್ಲಿಯೇ ಹಲವು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಕೆಳದಿಯ ಶಿವಪ್ಪ ನಾಯಕನ ಶಿಸ್ತಿನ ಬಗ್ಗೆ ಮಕ್ಕಳಿಗೆ ಗಂಟೆಗಟ್ಟಲೆ ಹೇಳಿದ್ದೇನೆ. ಆದರೆ ನಮ್ಮ ಊರು ಇಂದು ಇರುವ ಜಾಗದಲ್ಲಿ ಇರುವುದಕ್ಕೆ ಕಾರಣವಾದ ಚರಿತ್ರೆ ಬೇರೆ. ಅದು ಪಠ್ಯಪುಸ್ತಕದಲ್ಲಿ 'ನೀರಾವರಿ ಮತ್ತು ವಿದ್ಯುತ್ ಯೋಜನೆಗಳು' ಎಂಬ ಕೋಷ್ಟಕದ ಒಂದು ಸಾಲು: ಲಿಂಗನಮಕ್ಕಿ, ಶರಾವತಿ ನದಿ, 1964. ಆ ಸಾಲನ್ನು ಸ್ವಲ್ಪ ಬಿಡಿಸಿ ಬರೆಯೋಣ ಎನ್ನಿಸಿತು.

ಶಾಲೆಯ ಮೊದಲ ದಾಖಲಾತಿ ಪುಸ್ತಕವನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. 1975ರಲ್ಲಿ ಎಂಟನೇ ತರಗತಿಗೆ ಸೇರಿದ ಮಕ್ಕಳು ಹುಟ್ಟಿದ್ದು 1962ರ ಆಸುಪಾಸು. 'ಜನ್ಮಸ್ಥಳ' ಎಂಬ ಅಂಕಣದಲ್ಲಿ ಮೊದಲ ಮುಖ್ಯೋಪಾಧ್ಯಾಯರು ದುಂಡಗೆ ಬರೆದಿರುವ ಊರುಗಳಲ್ಲಿ ಹಲವು, ಹಾಗೆ ಬರೆಯುವ ಹೊತ್ತಿಗಾಗಲೇ ನೀರಿನಡಿ ಹೋಗಿ ಹತ್ತು ವರ್ಷವಾಗಿತ್ತು. ಇಲ್ಲದ ಊರಿನಲ್ಲಿ ಹುಟ್ಟಿದ ಮಕ್ಕಳು ನಾವು. ಆ ಊರುಗಳು ಯಾವುದಕ್ಕಾಗಿ ಹೋದವೋ ಆ ವಿದ್ಯುತ್ತು ನಮ್ಮ ಶಾಲೆಗೆ ಬಂದದ್ದು ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಮೇಲೆ. ಅಲ್ಲಿಯವರೆಗೆ ಸೀಮೆಎಣ್ಣೆಯ ಬುಡ್ಡಿ, ಪರೀಕ್ಷೆಯ ಕಾಲಕ್ಕೆ ಲಾಟೀನು.

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಕಥೆ ಆರಂಭವಾಗುವುದು ನಮ್ಮ ಮಲೆನಾಡಿನಲ್ಲಲ್ಲ, ಕಾವೇರಿಯ ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಕಳೆದು, 1905ರಲ್ಲಿ. ಮೊದಲು ಗಣಿ, ಆಮೇಲೆ ನಗರ, ಹಳ್ಳಿ ಕೊನೆಗೆ; ಈ ಸಾಲು ಅಂದೇ ನಿಗದಿಯಾಯಿತು ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಗಣಿಯ ಉಗಿಯಂತ್ರಗಳು ಸೌದೆ ಮತ್ತು ಕಲ್ಲಿದ್ದಲು ತಿನ್ನುತ್ತಿದ್ದವು. ಬೀಳುವ ನೀರಿನಿಂದ ಬರುವ ಶಕ್ತಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಆ ಕಾಲದವರಿಗೆ ಅದೊಂದು ಪವಾಡದಂತೆ ಕಂಡಿದ್ದರೆ ತಪ್ಪಿಲ್ಲ. ಆದರೆ ಬೇಸಿಗೆಯಲ್ಲಿ ಕಾವೇರಿ ಸಣ್ಣದಾದಾಗ ಗಣಿಗೆ ಶಕ್ತಿ ಸಾಲದು. ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲಿ ಇದೂ ಒಂದು. ನೀರಿನ ವಿದ್ಯುತ್ತು ಎಂದರೆ ಹರಿಯುವ ನೀರಲ್ಲ, ನಿಲ್ಲಿಸಿದ ನೀರು ಎಂಬ ತಿಳಿವಳಿಕೆ ಅಲ್ಲಿಂದ ಬಂತು. ನಿಲ್ಲಿಸಬೇಕಾದರೆ ಜಾಗ ಬೇಕು. ಆ ಜಾಗದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಶರಾವತಿ ದೊಡ್ಡ ನದಿಯೇನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವವರೆಗೆ ಸುಮಾರು 128 ಕಿಲೋಮೀಟರ್. ಅದರ ಬೆಲೆ ಇರುವುದು ಎರಡರಲ್ಲಿ: ಹೊಸನಗರದ ಹುಲಿಕಲ್ ಸೀಮೆಯ ಜಡಿಮಳೆಯಲ್ಲಿ ಮತ್ತು ಜೋಗದ 253 ಮೀಟರ್ ಬೀಳಿನಲ್ಲಿ. ಜೋಗವನ್ನು ನೋಡಿದ ವಿಶ್ವೇಶ್ವರಯ್ಯನವರು ಎಷ್ಟೊಂದು ಶಕ್ತಿ ಹಾಳಾಗುತ್ತಿದೆಯಲ್ಲ ಎಂದು ಮರುಗಿದರು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹಾಗೆ ಅಂದರೋ ಇಲ್ಲವೋ, ಆ ಮಾತು ಜನರ ಬಾಯಲ್ಲಿ ಉಳಿದದ್ದೇ ಒಂದು ಚರಿತ್ರೆ. ಒಂದು ತಲೆಮಾರು ಜಲಪಾತವನ್ನು ನೋಡುವ ಕಣ್ಣೇ ಬದಲಾಗಿತ್ತು.

ಆಗ ನದಿಯ ಒಂದು ಕಡೆ ಮೈಸೂರು ಸಂಸ್ಥಾನ, ಇನ್ನೊಂದು ಕಡೆ ಮುಂಬಯಿ ಪ್ರಾಂತ್ಯ. ಜೋಗದಲ್ಲಿ ಇಂದಿಗೂ ಬಾಂಬೆ ಬಂಗಲೆ, ಮೈಸೂರು ಬಂಗಲೆ ಎಂದು ಎದುರುಬದುರು ಹೆಸರು ಇರುವುದು ಇದೇ ಕಾರಣಕ್ಕೆ. ಗಡಿಯ ನದಿಯಾದ್ದರಿಂದ ಮಾತುಕತೆಗಳು ಎಳೆದವು. ಕೊನೆಗೆ 1939ರಲ್ಲಿ ಕೆಲಸ ಆರಂಭವಾಯಿತು. ಅದೇ ವರ್ಷ ಮಹಾಯುದ್ಧವೂ ಆರಂಭವಾಗಿ, ಹೊರದೇಶದಿಂದ ಯಂತ್ರಗಳು ಬರುವುದು ತಡವಾಯಿತು. ಜೋಗದ ವಿದ್ಯುದಾಗಾರ ನಡೆದದ್ದು 1948ರಲ್ಲಿ. ಮೊದಲು ಕೃಷ್ಣರಾಜೇಂದ್ರ ಒಡೆಯರ ಹೆಸರಿದ್ದ ಅದಕ್ಕೆ ಬಳಿಕ ಮಹಾತ್ಮ ಗಾಂಧಿಯವರ ಹೆಸರಾಯಿತು. ಎಂಟು ಯಂತ್ರಗಳು, ಒಟ್ಟು 120 ಮೆಗಾವಾಟ್. ಅದಕ್ಕೆ ನೀರು ಹಿಡಿದಿಡಲು ಮಡೆನೂರಿನ ಬಳಿ ಕಟ್ಟಿದ್ದೇ ಹಿರೇಭಾಸ್ಕರ ಅಣೆಕಟ್ಟು.

ಈ ಅಣೆಕಟ್ಟಿನ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಹೊಸ ತಲೆಮಾರಿಗೆ ಅದೊಂದು ವಿಡಿಯೋದಲ್ಲಿ ಕಾಣುವ ವಿಚಿತ್ರ ಅಷ್ಟೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ತೀರ ಇಳಿದ ವರ್ಷ, ಹಿನ್ನೀರಿನ ನಡುವೆ ಉದ್ದನೆಯ ಕಲ್ಲಿನ ಗೋಡೆ ಮೇಲೇಳುತ್ತದೆ. ಅದೇ ಮಡೆನೂರು ಕಟ್ಟೆ. ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್‌ಗಳು ಅದರಲ್ಲಿವೆ. ನೀರು ಮಟ್ಟ ಮೀರಿದರೆ ಬಾಗಿಲು ಎತ್ತುವ ಕೆಲಸವಿಲ್ಲದೆ ತಾನೇ ಸುರುಳಿಯಾಗಿ ಒಳಗಿಳಿದು ಹೊರಹೋಗುವ ವ್ಯವಸ್ಥೆ. ಅರವತ್ತು ವರ್ಷ ನೀರಿನಲ್ಲಿ ನೆನೆದರೂ ಆ ಗಾರೆ ಕಲ್ಲಿನ ಕೆಲಸ ಅಲುಗಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿದ ಅಣೆಕಟ್ಟು ಬದುಕಿದ್ದು ಹದಿನಾರೇ ವರ್ಷ. 1964ರಲ್ಲಿ ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು ಕೆಳಗೆ ಎದ್ದು ನಿಂತಾಗ ಮಡೆನೂರು ಕಟ್ಟೆಯೂ, ಅದಕ್ಕಾಗಿ ಮೊದಲೇ ಎದ್ದು ಹೋಗಿ ಮೇಲುಗಡೆ ಮನೆ ಕಟ್ಟಿಕೊಂಡಿದ್ದವರ ಮನೆಗಳೂ ಒಟ್ಟಿಗೆ ಮುಳುಗಿದವು. ಒಂದೇ ಜನ್ಮದಲ್ಲಿ ಎರಡು ಸಲ ಮುಳುಗಡೆಯಾದ ಕುಟುಂಬಗಳಿವೆ. ನಮ್ಮ ಊರಿನಲ್ಲೂ ಇದ್ದಾವೆ, ಅವರಿಗೆ ಗೊತ್ತು.

ಹದಿನಾರು ವರ್ಷದಲ್ಲಿ ಇನ್ನೊಂದು ಅಣೆಕಟ್ಟು ಏಕೆ ಬೇಕಾಯಿತು? ಭದ್ರಾವತಿಯನ್ನು ನೋಡಿದರೆ ಉತ್ತರದ ಒಂದು ತುದಿ ಸಿಗುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಅದಿರು ಕರಗಿಸಲು ಮಲೆನಾಡಿನ ಮರಗಳನ್ನೇ ಕಡಿದು ಇದ್ದಿಲು ಮಾಡುತ್ತಿದ್ದರು. ಕಬ್ಬಿಣ ಬೇಕಾದಷ್ಟೂ ಕಾಡು ಹೋಗುತ್ತಿತ್ತು. ಜೋಗದ ವಿದ್ಯುತ್ತು ಬಂದ ಮೇಲೆ 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಅದಿರಿನಿಂದ ಕಬ್ಬಿಣ ಬಿಡಿಸಲು ಸ್ವಲ್ಪ ಇದ್ದಿಲು ಆಗಲೂ ಬೇಕು, ಆದರೆ ಕಾವು ಕೊಡುವ ಕೆಲಸವನ್ನು ವಿದ್ಯುತ್ತು ಹೊತ್ತುಕೊಂಡಿತು. ಹೀಗೆ ನೋಡಿದರೆ ಜೋಗ ಕಾಡನ್ನು ಉಳಿಸಿತು ಎನ್ನಬೇಕು. ಅದೇ ವಿದ್ಯುತ್ತಿನ ರುಚಿ ಹತ್ತಿದ ನಾಡಿಗೆ 120 ಮೆಗಾವಾಟ್ ಸಾಲದಾಯಿತು. ಬೆಂಗಳೂರಿನಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು, ರಾಜ್ಯದ ಏಕೀಕರಣವಾಯಿತು. ಆಗ ಇನ್ನೂ ದೊಡ್ಡ ಕಾಡನ್ನು ಮುಳುಗಿಸುವ ಯೋಜನೆ ಬಂತು. ಉಳಿಸಿದ್ದೂ ಅದೇ, ಮುಳುಗಿಸಿದ್ದೂ ಅದೇ.

ಲಿಂಗನಮಕ್ಕಿಯ ಅಂಕಿಗಳು ಹೀಗಿವೆ. ಪೂರ್ಣ ಮಟ್ಟ ಸಮುದ್ರದಿಂದ 1819 ಅಡಿ. ಹಿಡಿಯುವ ನೀರು ಸುಮಾರು 151 ಟಿಎಂಸಿ. ನಿಂತ ನೀರಿನ ಹರವು ಸುಮಾರು 300 ಚದರ ಕಿಲೋಮೀಟರ್. ಅಲ್ಲಿಂದ ನೀರು ತಳಕಳಲೆಯ ಸಮತೋಲನ ಜಲಾಶಯಕ್ಕೆ ಹೋಗಿ, ಕೊಳವೆಗಳಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು 1035 ಮೆಗಾವಾಟ್. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ನಡೆಯುವವರೆಗೆ ಕರ್ನಾಟಕದ ದೀಪ, ಗಿರಣಿ, ಪಂಪ್‌ಸೆಟ್ಟು ಹೆಚ್ಚೂಕಡಿಮೆ ನೀರಿನ ಮೇಲೇ ನಿಂತಿದ್ದವು. ಅದರಲ್ಲಿ ಸಿಂಹಪಾಲು ಈ ಒಂದು ಕಣಿವೆಯದು. ಕಲ್ಲಿದ್ದಲು ಸುಟ್ಟು ಒಂದು ಯೂನಿಟ್ ಮಾಡಿದರೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆರು ದಶಕಗಳಲ್ಲಿ ಶರಾವತಿ ಕೊಟ್ಟ ಕೋಟಿ ಕೋಟಿ ಯೂನಿಟ್‌ಗಳನ್ನು ಕಲ್ಲಿದ್ದಲಿನಿಂದ ಪಡೆಯಬೇಕಾಗಿದ್ದರೆ ಎಷ್ಟು ಹೊಗೆ ಎದ್ದಿರುತ್ತಿತ್ತು, ಯೋಚಿಸಿ. ಮುಳುಗಡೆಯವರ ಮಗನಾದರೂ ಈ ಲೆಕ್ಕವನ್ನು ನಾನು ಮುಚ್ಚಿಡಲಾರೆ. ಮುಳುಗಿದ ಕಾಡಿನ ಮರ, ಎಲೆ ನೀರಿನಡಿ ಕೊಳೆತು ಮೀಥೇನ್ ಅನಿಲ ಬರುತ್ತದೆ, ಜಲವಿದ್ಯುತ್ತೂ ಪೂರ್ತಿ ಶುದ್ಧವಲ್ಲ ಎಂಬುದೂ ನಿಜ. ಆದರೂ ಕಲ್ಲಿದ್ದಲಿನ ಮುಂದೆ ಶರಾವತಿ ಶುದ್ಧವೇ.

ಆ ಶುದ್ಧದ ಬೆಲೆಯನ್ನು ಯಾರು ಕೊಟ್ಟರು ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಚರಿತ್ರೆಯ ಕಾಲಗಣನೆ ಬಹಳ ಮುಖ್ಯ. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು 1951ರಲ್ಲಿ. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತಿದ್ದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಎಂಬ ಕೂಗು ಇಲ್ಲಿಂದ ಎದ್ದಿತು. ಅದು ಬಲವಾದ ಕಾನೂನಾಗಿ ಬಂದದ್ದು 1974ರಲ್ಲಿ. ಈ ಎರಡು ಇಸವಿಗಳ ನಡುವೆ, 1964ರಲ್ಲಿ, ಕಣಿವೆ ಮುಳುಗಿತು. ಅಂದರೆ ಮುಳುಗುವ ಹೊತ್ತಿಗೆ ಗದ್ದೆ ಉಳುತ್ತಿದ್ದ ಎಷ್ಟೋ ಮಂದಿಯ ಹೆಸರು ಪಹಣಿಯಲ್ಲಿ ಇರಲಿಲ್ಲ. ಪರಿಹಾರ ಹೋದದ್ದು ಕಾಗದದಲ್ಲಿ ಹೆಸರಿದ್ದವರಿಗೆ. ಹತ್ತು ವರ್ಷ ತಡವಾಗಿ ಅಣೆಕಟ್ಟು ಬಂದಿದ್ದರೆ ನಮ್ಮ ಅಜ್ಜಂದಿರು ಭೂಮಾಲೀಕರಾಗಿ ಮುಳುಗುತ್ತಿದ್ದರು, ಗೇಣಿದಾರರಾಗಿ ಮುಳುಗಿದರು. ಮುಳುಗುವುದರಲ್ಲೂ ಇಷ್ಟು ವ್ಯತ್ಯಾಸ ಉಂಟು.

ಸರ್ವೆಯವರು ಬಂದು ನೀರಿನ ಮಟ್ಟಕ್ಕೆ ಗೂಟ ಹೊಡೆದು ಹೋದದ್ದನ್ನು ಅಜ್ಜಿ ಹೇಳುತ್ತಿದ್ದರು. "ಹೊಳೆ ಎಲ್ಲಿ, ಗೂಟ ಎಲ್ಲಿ ಮಗಾ. ಅಷ್ಟು ಎತ್ತರಕ್ಕೆ ನೀರು ಹತ್ತುತ್ತದೆ ಅಂತ ಯಾರು ನಂಬಿದರು? ಆ ವರ್ಷವೂ ಗದ್ದೆ ನಟ್ಟಿ ಮಾಡಿದ್ದೆವು." ನಟ್ಟಿಯಾದ ಗದ್ದೆಗೇ ನೀರು ಬಂತು. ಮನೆಯ ಕಂಬ, ತೊಲೆ ಬಿಚ್ಚಿ ಲಾರಿಗೆ ಹಾಕಿಕೊಂಡು ಹೊರಟರು. ಕೆಲವರು ಹೊಸನಗರದ ಕಡೆ, ಕೆಲವರು ಶಿವಮೊಗ್ಗದ ಕಡೆ, ನಮ್ಮವರು ಇಲ್ಲಿಗೆ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತ ಇದನ್ನೆಲ್ಲ ಹತ್ತಿರದಿಂದ ಕಂಡ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಎರಡೂ ಪುಸ್ತಕಗಳಿವೆ. ಇಷ್ಟು ಕಾಲ ಬೇಡಿಕೆ ಕಡಿಮೆಯಿತ್ತು ಎಂಬುದು ಬೇರೆ ಮಾತು.

ಹೊಸ ಜಾಗದಲ್ಲಿ ಕೊಟ್ಟ ಜಮೀನಿನ ಕಥೆ ಇನ್ನೂ ಮುಗಿದಿಲ್ಲ. ಎಷ್ಟೋ ಕಡೆ ಸರ್ಕಾರ ಕೊಟ್ಟದ್ದು ಕಾಡಿನ ಜಾಗ. ಕಡಿದು, ಗದ್ದೆ ಮಾಡಿ, ಮನೆ ಕಟ್ಟಿಕೊಂಡರು. ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯ ಘೋಷಣೆಯಾದಾಗ ಅದರೊಳಗೆ ಸಿಕ್ಕಿಕೊಂಡವರಲ್ಲಿ ಶರಾವತಿಯ ಮುಳುಗಡೆಯವರೂ ಇದ್ದರು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯವನ್ನು ಬೇರೆ ಉದ್ದೇಶಕ್ಕೆ ಕೊಡಲು ಕೇಂದ್ರದ ಅನುಮತಿ ಕಡ್ಡಾಯವಾಯಿತು. ಕಾಯ್ದೆ ಒಳ್ಳೆಯದೇ, ಅದಿಲ್ಲದಿದ್ದರೆ ಪಶ್ಚಿಮ ಘಟ್ಟದಲ್ಲಿ ಇಂದು ಇಷ್ಟು ಕಾಡೂ ಉಳಿಯುತ್ತಿರಲಿಲ್ಲ. ಆದರೆ 1964ರಲ್ಲಿ ಕೊಟ್ಟದ್ದನ್ನು 1980ಕ್ಕೆ ಮುಂಚೆ ಕಾಗದಕ್ಕೆ ಏರಿಸದೆ ಬಿಟ್ಟಿದ್ದರಿಂದ, ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ಇಂದು ಅರಣ್ಯ ಒತ್ತುವರಿದಾರರ ಪಟ್ಟಿಯಲ್ಲಿ ಇದ್ದಾರೆ. ಬ್ಯಾಂಕ್ ಸಾಲ ಕೇಳಲು ಹೋದ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಇದರ ಅರ್ಥ ಹೇಳುತ್ತಾರೆ.

ಹಿನ್ನೀರಿನಾಚೆ ಉಳಿದವರದು ಮತ್ತೊಂದು ಪಾಡು. ತುಮರಿ, ಕರೂರು, ಬಾರಂಗಿ ಸೀಮೆಗೆ ದಾರಿ ಎಂದರೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಲಾಂಚು. ಹೆರಿಗೆ ನೋವಿನವರೂ, ಪರೀಕ್ಷೆಗೆ ಹೊರಟ ಮಕ್ಕಳೂ ಲಾಂಚಿನ ಹೊತ್ತಿಗೆ ಕಾಯಬೇಕಾಗಿತ್ತು. ಅಲ್ಲಿಗೆ ಸೇತುವೆ ಬಂದದ್ದು 2025ರ ಜುಲೈನಲ್ಲಿ. ನೀರು ನಿಂತ ವರ್ಷದಿಂದ ಎಣಿಸಿದರೆ ಅರವತ್ತೊಂದು ವರ್ಷ.

ಇಷ್ಟಾದರೂ ಈವರೆಗೆ ಒಂದು ವಿಷಯದಲ್ಲಿ ಯಾರಿಗೂ ಸಂಶಯ ಇರಲಿಲ್ಲ: ಮಳೆ ಬರುತ್ತದೆ. ಲಿಂಗನಮಕ್ಕಿಯ ಲೆಕ್ಕವೆಲ್ಲ ಆ ನಂಬಿಕೆಯ ಮೇಲೆ ನಿಂತದ್ದು. ಸಾಲದ್ದಕ್ಕೆ ಮುಂದೆ ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳನ್ನು ಕಟ್ಟಿ ಪಕ್ಕದ ಹೊಳೆಗಳ ನೀರನ್ನೂ ಇದಕ್ಕೇ ತಿರುಗಿಸಿದರು. ಈಗ ಆ ನಂಬಿಕೆಯೇ ಅಲುಗುತ್ತಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ತೇವ ಹಿಡಿಯಬಲ್ಲದು. ಅದನ್ನು ಸುರಿಸುವಾಗ ಒಮ್ಮೆಗೇ ಸುರಿಸುತ್ತದೆ, ನಡುವೆ ಒಣ ದಿನಗಳು ಹೆಚ್ಚುತ್ತವೆ. ಮಲೆನಾಡಿನ ಹಳಬರು ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರ ಎಣಿಸಿ ಹೇಳುತ್ತಿದ್ದ ಮಳೆಯ ಕ್ರಮ ಈಗ ಕೈಕೊಡುತ್ತಿರುವುದನ್ನು ಅಡಿಕೆ ತೋಟದವರೆಲ್ಲ ಕಾಣುತ್ತಿದ್ದಾರೆ.

2023 ಇದಕ್ಕೆ ಸರಿಯಾದ ಪಾಠ. ಆ ವರ್ಷದ ಆಗಸ್ಟ್ ತಿಂಗಳು, ದೇಶದ ಮಳೆಯ ದಾಖಲೆ ಇಟ್ಟ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ಲಿಂಗನಮಕ್ಕಿ ತುಂಬಲಿಲ್ಲ. ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮಳೆಯಿಲ್ಲದ್ದರಿಂದ ಬಯಲುಸೀಮೆಯ ರೈತರು ಮಳೆಗಾಲದಲ್ಲೇ ಪಂಪ್‌ಸೆಟ್ ನಡೆಸಿದರು. ಬೇಡಿಕೆ ಏರಿತು. ಅದೇ ಹೊತ್ತಿಗೆ ಜಲಾಶಯ ಖಾಲಿ. ನೀರಿನ ವಿದ್ಯುತ್ತಿನ ದೊಡ್ಡ ದೌರ್ಬಲ್ಯ ಇದೇ: ಅದು ಹೆಚ್ಚು ಬೇಕಾಗುವ ವರ್ಷವೇ ಅದು ಕಡಿಮೆ ಇರುತ್ತದೆ. ಬೇರೆ ರಾಜ್ಯಗಳಿಂದ ವಿದ್ಯುತ್ತು ತರಬೇಕಾಯಿತು, ಹಳ್ಳಿಗಳಿಗೆ ಕಡಿತವಾಯಿತು. ಮರುವರ್ಷ, 2024ರ ಆಗಸ್ಟ್ ಆರಂಭಕ್ಕೇ ಲಿಂಗನಮಕ್ಕಿಯ ಬಾಗಿಲು ತೆರೆದು ನೀರು ಬಿಟ್ಟರು. ಜೋಗ ನೋಡಲು ಜಾತ್ರೆಯಂತೆ ಜನ. ಒಂದು ವರ್ಷ ಬರ, ಮರುವರ್ಷ ಕೋಡಿ.

ಇಂಥ ಹೊತ್ತಿನಲ್ಲಿ ಸೂರ್ಯನ ಕಡೆ ತಿರುಗಿದ್ದು ಸಹಜ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್‌ನ ಸೌರ ಪಾರ್ಕ್ ಇದೆ, ನಮ್ಮ ಶರಾವತಿಯ ಎರಡರಷ್ಟು. ಅಲ್ಲಿ ರೈತರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ವರ್ಷಕ್ಕೆ ಎಕರೆಗೆ ಇಂತಿಷ್ಟು ಎಂದು ಗುತ್ತಿಗೆಗೆ ಪಡೆದರು. 1964ಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಅಲ್ಲೂ ಜಮೀನಿದ್ದವರಿಗೆ ಬಾಡಿಗೆ ಬಂತು. ಜಮೀನಿಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯಿತು. ನಮ್ಮ ಗೇಣಿದಾರ ಅಜ್ಜಂದಿರ ನೆನಪಾಗದೆ ಇರುತ್ತದೆಯೇ?

ಸೂರ್ಯನ ವಿದ್ಯುತ್ತು ಹಗಲಿನದು. ಬೇಡಿಕೆ ಏರುವುದು ಸಂಜೆ. ಹಗಲಿನದನ್ನು ಸಂಜೆಗೆ ಇಟ್ಟುಕೊಳ್ಳುವ ದಾರಿ ಹುಡುಕುತ್ತ ಯೋಜಕರ ಕಣ್ಣು ಮತ್ತೆ ಬಂದು ಬಿದ್ದದ್ದು ಇದೇ ಕಣಿವೆಯ ಮೇಲೆ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ, ಎರಡೂ ಜಲಾಶಯಗಳು ಈಗಾಗಲೇ ಇವೆ. ಹಗಲು ಮಿಕ್ಕ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಸಂಜೆ ಅದನ್ನೇ ಇಳಿಸಿ 2000 ಮೆಗಾವಾಟ್ ಉತ್ಪಾದಿಸುವುದು: ಇದು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಎತ್ತಲು ಬೇಕಾಗುವ ಶಕ್ತಿ ಇಳಿಸುವಾಗ ಸಿಗುವುದಕ್ಕಿಂತ ಹೆಚ್ಚು. ಸುಮಾರು ಕಾಲುಭಾಗ ನಷ್ಟ. ಅದು ತಿಳಿದೂ ಮಾಡುತ್ತಾರೆ, ಏಕೆಂದರೆ ಸಂಜೆಯ ಯೂನಿಟ್ಟಿಗೆ ಬೆಲೆ ಹೆಚ್ಚು. ಹೊಸದಾಗಿ ಊರು ಮುಳುಗುವ ಪ್ರಮಾಣ ಹಿಂದಿನಂತಿಲ್ಲ ಎಂಬುದು ನಿಜ. ಆದರೆ ಸುರಂಗ, ರಸ್ತೆ, ಭೂಗತ ವಿದ್ಯುದಾಗಾರ ಬರಬೇಕಾದ್ದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದೇ ಅಪರೂಪ. ಕಾಡಿನ ಮೇಲ್ಛಾವಣಿ ಒಂದು ಕಡೆ ತುಂಡಾದರೆ ಅದರ ಪಾಲಿಗೆ ಅದೇ ಹೊಳೆ ಅಡ್ಡ ಬಂದಂತೆ. ಲಾಂಚಿಗೆ ಕಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾನು ಈ ಯೋಜನೆ ಬೇಡವೇ ಬೇಡ ಎನ್ನುವ ಗುಂಪಿಗೂ, ದೇಶಕ್ಕಾಗಿ ಇರಲಿ ಎನ್ನುವ ಗುಂಪಿಗೂ ಸೇರಿದವನಲ್ಲ. ಹವಾಮಾನದ ಹೆಸರಿನಲ್ಲಿ ಕೇಳುವ ತ್ಯಾಗ ಸುಳ್ಳು ಎಂದು ಹೇಳುವುದಿಲ್ಲ, ಕಲ್ಲಿದ್ದಲನ್ನು ಬಿಡಲೇಬೇಕು. ಆದರೆ 1939ರಲ್ಲಿ, 1964ರಲ್ಲಿ, ಈಗ, ಮೂರು ಸಲವೂ ಹೊಸ ಶಕ್ತಿಯ ಕಾರಣ ಬೇರೆ ಬೇರೆ ಇದ್ದು ಕಣಿವೆ ಮಾತ್ರ ಒಂದೇ ಆಗಿರುವುದು ನನ್ನನ್ನು ಕಾಡುತ್ತದೆ. ಒಮ್ಮೆ ಕೊಟ್ಟ ಜಾಗ ಮತ್ತೆ ಮತ್ತೆ ಕೇಳಲು ಸುಲಭ. ಅಲ್ಲಿ ಆಗಲೇ ಅಣೆಕಟ್ಟು ಇದೆ, ತಂತಿ ಇದೆ, ರಸ್ತೆ ಇದೆ. ಹಿಂದಿನ ಲೆಕ್ಕ ಚುಕ್ತಾ ಆಗಿದೆಯೇ ಎಂದು ಕೇಳುವವರು ಇರುವುದಿಲ್ಲ. ಕೇಳಬೇಕಾದರೂ ಕೈಯಲ್ಲಿ ಕಾಗದ ಇರಬೇಕು.

ಕಾಗದ ನಮ್ಮ ಮನೆಗಳಲ್ಲಿಯೇ ಇದೆ. ಮುಳುಗಡೆಯ ಕಾಲದ ನೋಟೀಸು, ಪರಿಹಾರದ ರಸೀದಿ, ಗೇಣಿ ಚೀಟಿ, ಹಳೆಯ ಪಹಣಿ, ಬಿಟ್ಟು ಬಂದ ಮನೆಯ ಮುಂದೆ ನಿಂತು ತೆಗೆಸಿಕೊಂಡ ಒಂದು ಫೋಟೊ. ಇವು ಟ್ರಂಕಿನ ತಳದಲ್ಲಿ ಗೆದ್ದಲು ಹಿಡಿಯುತ್ತಿವೆ. ಹಿರಿಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು: ಮೂಲ ಪ್ರತಿ ನಿಮ್ಮಲ್ಲೇ ಇರಲಿ, ಒಂದು ಜೆರಾಕ್ಸ್ ಪ್ರತಿಯನ್ನು ಶಾಲೆಯ ಕಚೇರಿಗೆ ತಲುಪಿಸಿ. ಹಿಂದೆ ಪೆನ್ಸಿಲಿನಲ್ಲಿ ಮನೆತನದ ಹೆಸರು, ಬಿಟ್ಟು ಬಂದ ಊರು, ಬಂದ ಇಸವಿ ಬರೆಯಿರಿ. ಗ್ರಂಥಾಲಯದ ಒಂದು ಕಪಾಟನ್ನು ಇದಕ್ಕಾಗಿ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ದಾಖಲಾತಿ ಪುಸ್ತಕದ ಮೊದಲ ಪುಟಗಳ ನಕಲು ಅದರಲ್ಲಿ ಈಗಾಗಲೇ ಇದೆ.